ಅಳತೆಪಟ್ಟಿಯ ಎರಡು ತುದಿ

— ನೋಡಮ್ಮ, ನೀನು ಎಷ್ಟೇ ತಕರಾರು ತೆಗೆದರೂ ಈ ಒಂದು ಚಾರ್ಟನ್ನು ಮಾತ್ರ ತಳ್ಳಿಹಾಕಲಾರೆ. 2020ರ ಜನವರಿ 20ರಂದು ನಿಫ್ಟಿ 12,430.50ರವರೆಗೆ ಹೋಗಿತ್ತು. ಕೊರೊನಾ ಬಂತು, ಮಾರ್ಚ್ 24ರಂದು 7,511.10ಕ್ಕೆ ಕುಸಿಯಿತು. ಬಿದ್ದದ್ದು ಒಟ್ಟು 4,919 ಪಾಯಿಂಟ್. ಈ ಬೀಳುವಿಕೆಯನ್ನು 1.618ರಿಂದ ಗುಣಿಸಿ ತಳಕ್ಕೆ ಕೂಡಿಸಿದರೆ 15,470 ಬರುತ್ತದೆ. ಫಿಬೊನಾಚಿ ಎಕ್ಸ್‌ಟೆನ್ಷನ್ ಅನ್ನುವುದು ಇಷ್ಟೇ, ಇದರಲ್ಲಿ ಮಂತ್ರವೇನೂ ಇಲ್ಲ. ತಳ ಕಂಡ ವಾರದಲ್ಲೇ ಯಾರು ಬೇಕಾದರೂ ಆ ಅಂಕಿಯನ್ನು ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿಕೊಳ್ಳಬಹುದಿತ್ತು. ಸುಮಾರು ಹನ್ನೊಂದು ತಿಂಗಳು ಕಳೆದು, 2021ರ ಫೆಬ್ರವರಿ 16ರಂದು ನಿಫ್ಟಿ 15,431.75 ಮುಟ್ಟಿ ತಿರುಗಿತು. ಏಪ್ರಿಲ್‌ನಲ್ಲಿ 14,150ರ ಸುತ್ತ ಬಂದು ನಿಂತಿತು. ಹೆಚ್ಚುಕಡಿಮೆ ಎಂಟು ಸಾವಿರ ಪಾಯಿಂಟ್ ಏರಿದ ಮೇಲೆ ಗುರಿಗೂ ಶಿಖರಕ್ಕೂ ವ್ಯತ್ಯಾಸ 39 ಪಾಯಿಂಟ್. ಅದಕ್ಕೂ ಮುಂಚೆ ಶೇ 127.2ರ ಗೆರೆ ಇದ್ದದ್ದು 13,768ರಲ್ಲಿ. ಡಿಸೆಂಬರ್ 21ರಂದು 13,777ಕ್ಕೆ ಹೋಗಿ ಅದೇ ದಿನ 432 ಪಾಯಿಂಟ್ ಬಿತ್ತು. ಇದನ್ನೆಲ್ಲ ಕಾಕತಾಳೀಯ ಅನ್ನುತ್ತೀಯಾ?

— ಅನ್ನುವ ಮುಂಚೆ ನಿಮ್ಮ ಪರವಾಗಿಯೇ ಒಂದು ಮಾತು ಸೇರಿಸುತ್ತೇನೆ, ಚಿಕ್ಕಪ್ಪ. ನೀವು ತೆಗೆದುಕೊಂಡದ್ದು ದಿನದೊಳಗಿನ ಮೇಲುತುದಿ, ಕೆಳತುದಿ. ಕ್ಯಾಂಡಲ್‌ನ ಬಾಲವನ್ನು ನಂಬಬಾರದು, ಕ್ಲೋಸಿಂಗ್ ಬೆಲೆಯೇ ಪ್ರಮಾಣ ಎನ್ನುವವರು ಬೇಕಾದಷ್ಟು ಜನ ಇದ್ದಾರೆ. ಅವರ ಲೆಕ್ಕ ಹಿಡಿದರೆ ಈ ಗುರಿ ಕೆಡುತ್ತದೆ ಅಂದುಕೊಂಡರೆ, ಕೆಡುವುದಿಲ್ಲ. ಜನವರಿ 14ರ ಕ್ಲೋಸಿಂಗ್ 12,362.30, ಮಾರ್ಚ್ 23ರದು 7,610.25. ಅದೇ 1.618 ಹಾಕಿದರೆ 15,299 ಬರುತ್ತದೆ. ಫೆಬ್ರವರಿ 15ರಂದು ನಿಫ್ಟಿ ಮುಗಿಸಿದ್ದು 15,314.70ರಲ್ಲಿ. ಇಲ್ಲಿ ಹದಿನಾರು ಪಾಯಿಂಟೂ ವ್ಯತ್ಯಾಸ ಇಲ್ಲ. ಆದ್ದರಿಂದ ಗುರಿ ಮುಟ್ಟಿದ್ದು ಸುಳ್ಳು ಎಂದು ನಾನು ಹೇಳುವುದಿಲ್ಲ. ಕಾಗೆ ಕೂತದ್ದೂ ನಿಜ, ಕೊಂಬೆ ಮುರಿದದ್ದೂ ನಿಜ. ಕಾಗೆ ಎಷ್ಟು ಕೊಂಬೆಯ ಮೇಲೆ ಕೂತಿತ್ತು, ಅದರಲ್ಲಿ ಮುರಿಯದೆ ಉಳಿದವು ಎಷ್ಟು ಅನ್ನುವುದಷ್ಟೇ ನನ್ನ ಪ್ರಶ್ನೆ. ನಿಮ್ಮ ಚಾರ್ಟಿನಲ್ಲಿ ಇರುವುದು ಒಂದು ಗೆರೆಯಲ್ಲ. ತಳದಿಂದ 15,470ರವರೆಗೆ ಶೇ 23.6, 38.2, 50, 61.8, 78.6, 100, 127.2, 161.8 ಎಂದು ಎಂಟು ಗೆರೆಗಳಿವೆ. ಗೆರೆಯಿಂದ ಶೇ 1ರಷ್ಟು ಆಚೀಚೆ ಬಂದು ಬೆಲೆ ತಿರುಗಿದರೂ ನೀವು ‘ಮುಟ್ಟಿತು’ ಎನ್ನುತ್ತೀರಿ. ಒಂದೊಂದು ಗೆರೆಗೂ ಅಷ್ಟು ದಪ್ಪ ಕೊಟ್ಟು ಕೂಡಿಸಿದರೆ, ಎಂಟು ಸಾವಿರ ಪಾಯಿಂಟಿನ ಆ ಹಾದಿಯಲ್ಲಿ ಸುಮಾರು 1,680 ಪಾಯಿಂಟ್ ಗೆರೆಗಳಿಗೇ ಹೋಯಿತು, ಅಂದರೆ ಐದರಲ್ಲಿ ಒಂದು ಪಾಲು. ಕಣ್ಣು ಮುಚ್ಚಿ ಎಲ್ಲಿ ಬೆರಳಿಟ್ಟರೂ ಐದು ಸಲಕ್ಕೆ ಒಂದು ಸಲ ಯಾವುದಾದರೂ ಗೆರೆ ಸಿಕ್ಕೇ ಸಿಗುತ್ತದೆ. ಇನ್ನು ಒಂದೇ ಚಾರ್ಟಿನ ಮೇಲೆ ಮೂರು ಬೇರೆ ಬೇರೆ ಏರಿಳಿತ ಹಿಡಿದು ಮೂರು ಕಂತೆ ಗೆರೆ ಎಳೆಯುವವರ ಕಥೆ? ಅವುಗಳಿಗೆ ಒಂದಕ್ಕೊಂದು ಸಂಬಂಧವಿಲ್ಲ ಎಂದಿಟ್ಟುಕೊಂಡರೆ, ಎರಡಕ್ಕೆ ಒಂದು ಸಲ ಸಿಗುತ್ತದೆ.

— ಲೆಕ್ಕವನ್ನು ಲೆಕ್ಕದಿಂದಲೇ ಎದುರಿಸೋಣ. ಐದಕ್ಕೆ ಒಂದು ಎಂದೆಯಲ್ಲ, ಎಣಿಸು. ಮಾರ್ಚ್ ತಳದ ನಂತರದ ಶಿಖರಗಳು ಯಾವುವು? ಏಪ್ರಿಲ್ 30ರ 9,889. ಶೇ 50ರ ಗೆರೆ 9,971ರಲ್ಲಿತ್ತು, ನೀನು ಹೇಳಿದ ಶೇ 1ರೊಳಗೆ. ಜೂನ್ 8ರ 10,328 ಯಾವ ಗೆರೆಗೂ ಹತ್ತಿರವಿಲ್ಲ, ಒಪ್ಪುತ್ತೇನೆ. ಆಗಸ್ಟ್ 31ರ 11,794ಕ್ಕೂ ಗೆರೆ ಇಲ್ಲ. ಡಿಸೆಂಬರ್‌ದು ಮುಟ್ಟಿತು, ಫೆಬ್ರವರಿಯದು ಮುಟ್ಟಿತು. ಐದು ಶಿಖರದಲ್ಲಿ ಮೂರು. ನಿನ್ನ ಲೆಕ್ಕದ ಪ್ರಕಾರ ಸಿಗಬೇಕಾದದ್ದಕ್ಕಿಂತ ಮೂರು ಪಟ್ಟು. ಇನ್ನೇನು ಬೇಕು?

— ಎಣಿಕೆ ಮಾಡಿದ್ದು ಒಳ್ಳೆಯದಾಯಿತು, ಅಷ್ಟು ಮಾಡುವವರೇ ಕಡಿಮೆ. ಆದರೆ ಮೊದಲನೆಯದನ್ನು ಹೊರಗಿಡಬೇಕು. ಶೇ 50 ಫಿಬೊನಾಚಿಯದಲ್ಲ. ಹಿಂದಿನ ಎರಡು ಸಂಖ್ಯೆ ಕೂಡಿ ಮುಂದಿನದು ಬರುವ ಆ ಸರಣಿಯಲ್ಲಿ 1, 2 ಎಂದು ಅಕ್ಕಪಕ್ಕ ಬರುವುದರಿಂದ ಅರ್ಧವೂ ಅದರದೇ ಎಂದು ವಾದಿಸಬಹುದು. ಹಾಗಾದರೆ 2, 3 ಅಕ್ಕಪಕ್ಕ ಇವೆ, ಮೂರನೇ ಎರಡನ್ನು ಯಾಕೆ ಬಿಟ್ಟಿರಿ? ಆ ಸರಣಿ ಮುಂದೆ ಹೋದಂತೆ ಸಮೀಪಿಸುವ ಅನುಪಾತ 0.618, ಅದರ ವರ್ಗ 0.382, ಘನ 0.236, ವರ್ಗಮೂಲ 0.786. ಅರ್ಧ ಎನ್ನುವುದು ಫಿಬೊನಾಚಿಯನ್ನು ಕೇಳದ ಹಳೆಯ ಡೌ ಸಿದ್ಧಾಂತದವರು ಇಟ್ಟುಕೊಂಡಿದ್ದ ಅಂದಾಜು. ಜನ ಅದನ್ನು ಪಟ್ಟಿಯೊಳಗೆ ಸೇರಿಸಿಕೊಂಡರು, ಯಾಕೆಂದರೆ ಬೆಲೆ ಅಲ್ಲೂ ತಿರುಗುತ್ತದೆ. ತಿರುಗಿದ ಜಾಗವನ್ನೆಲ್ಲ ಪಟ್ಟಿಗೆ ಸೇರಿಸುತ್ತಾ ಹೋದರೆ ಪಟ್ಟಿ ತಪ್ಪುವುದು ಹೇಗೆ? ಎರಡನೆಯದು, ನಿಮ್ಮ ಐದು ಶಿಖರಗಳಲ್ಲಿ ಒಂದು ದೊಡ್ಡದು ಬಿಟ್ಟುಹೋಗಿದೆ. 2021ರ ಜನವರಿ 21. ಅಂದು ನಿಫ್ಟಿ 14,753ಕ್ಕೆ ಹೋಗಿ ತಿರುಗಿತು, ಎಂಟೇ ದಿನದಲ್ಲಿ 13,600ಕ್ಕೆ ಬಂತು. ಶೇ 8ರ ಹತ್ತಿರದ ಇಳಿತ. ಡಿಸೆಂಬರ್ ಇಳಿತಕ್ಕಿಂತ ದೊಡ್ಡದು. ಅಲ್ಲಿ ನಿಮ್ಮ ಗೆರೆ ಒಂದೂ ಇಲ್ಲ. ಅಲ್ಲಿದ್ದದ್ದು ಬೇರೆ: ಅದೇ ದಿನ ಸೆನ್ಸೆಕ್ಸ್ ಮೊದಲ ಸಲ 50,000 ದಾಟಿತ್ತು. ಐದರ ಮುಂದೆ ನಾಲ್ಕು ಸೊನ್ನೆ. ಅದನ್ನು ನೋಡಿ ಲಾಭ ತೆಗೆದುಕೊಂಡವರಿಗೆ ದಶಮಾಂಶದ ಹಂಗೇ ಇರಲಿಲ್ಲ.

ಮೂರನೆಯದು ನನಗೆ ಬಹಳ ಇಷ್ಟವಾದದ್ದು. ಆಗಸ್ಟ್ ಶಿಖರದಿಂದ ಇಳಿದ ನಿಫ್ಟಿ 2020ರ ಸೆಪ್ಟೆಂಬರ್ 24ರಂದು 10,790ಕ್ಕೆ ಬಂದು ನಿಂತು, ಅಲ್ಲಿಂದ ಮೇಲೆದ್ದದ್ದು ಮತ್ತೆ ಆ ಕಡೆ ತಿರುಗಿ ನೋಡಲಿಲ್ಲ. ಇಡೀ ಏರಿಕೆಯ ನಡುವಿನ ಮುಖ್ಯವಾದ ತಳ ಅದು. ಈಗ ಅದೇ 4,919 ಪಾಯಿಂಟಿನ ಮೂರನೇ ಎರಡು ಭಾಗವನ್ನು ಮಾರ್ಚ್ ತಳಕ್ಕೆ ಕೂಡಿಸಿ ನೋಡಿ. 10,790. ಒಂದು ಪಾಯಿಂಟೂ ಆಚೀಚೆ ಇಲ್ಲ. ನಿಮ್ಮ 39 ಪಾಯಿಂಟ್ ಇದರ ಮುಂದೆ ಏನೂ ಅಲ್ಲ! ಈ ಒಂದು ಅಂಕಿ ಹಿಡಿದುಕೊಂಡು ನಾನು ‘ಮೂರನೇ ಎರಡರ ನಿಯಮ’ ಎಂದು ಒಂದು ಕೋರ್ಸ್ ಶುರು ಮಾಡಬಹುದು. ಶನಿವಾರ, ಭಾನುವಾರ ಎರಡು ದಿನ, ಊಟ ಸೇರಿ. ಹಿಂದಿನ ಚಾರ್ಟುಗಳಲ್ಲಿ ಇಂಥವೇ ಹತ್ತು ಹುಡುಕಿ ಸ್ಲೈಡ್ ಮಾಡುವುದು ಕಷ್ಟವಲ್ಲ. ನೀವು ಬಂದು ಮುಂದಿನ ಸಾಲಿನಲ್ಲಿ ಕೂತುಕೊಳ್ಳುತ್ತೀರಾ?

— ನಗಬೇಡ. ಮೂರನೇ ಎರಡು ಅಂದರೆ 0.667, ನಮ್ಮದು 0.618. ಎರಡೂ ಅಕ್ಕಪಕ್ಕದವೇ. ಹತ್ತಿರ ಇರುವುದರಿಂದಲೇ ಅದೂ ಕೆಲಸ ಮಾಡಿತು ಅನ್ನು.

— ಹಾಗಂದರೆ ಗೆದ್ದದ್ದು ನಾನು, ಚಿಕ್ಕಪ್ಪ. ದೊಡ್ಡ ಏರಿಕೆಯ ನಂತರ ಮೂರನೇ ಒಂದರಿಂದ ಮೂರನೇ ಎರಡರವರೆಗೆ ಇಳಿತ ಬರುವುದು ಸಾಮಾನ್ಯ ಎಂದು 1932ರಲ್ಲೇ ಆ ಡೌ ಸಿದ್ಧಾಂತದ ರಾಬರ್ಟ್ ರಿಯಾ ಬರೆದಿದ್ದರು. ಅದು ಅಗಲವಾದ, ಪ್ರಾಮಾಣಿಕವಾದ ಮಾತು: ಮಾರುಕಟ್ಟೆ ಏರಿದ್ದರಲ್ಲಿ ಒಂದಷ್ಟು ಕಳೆದುಕೊಳ್ಳುತ್ತದೆ, ಪೂರ್ತಿ ಕಳೆದುಕೊಳ್ಳುವುದಿಲ್ಲ. ಚಾರ್ಟಿನವರಲ್ಲೇ ಇನ್ನೊಂದು ಗುಂಪಾದ ಗ್ಯಾನ್ ಪಂಥದವರು ಎಂಟರಲ್ಲಿ ಐದು ಭಾಗ, ಅಂದರೆ ಶೇ 62.5 ಹಿಡಿಯುತ್ತಾರೆ. ನಿಫ್ಟಿಯ ಈ ಕುಸಿತಕ್ಕೆ ಗ್ಯಾನ್ ಗೆರೆ 10,585ರಲ್ಲಿ ಬೀಳುತ್ತದೆ, ನಿಮ್ಮ 61.8ರ ಗೆರೆ 10,551ರಲ್ಲಿ. ನಡುವೆ 34 ಪಾಯಿಂಟ್. ಆ ತಿಂಗಳುಗಳಲ್ಲಿ ನಿಫ್ಟಿ ದಿನಕ್ಕೆ ನೂರಿನ್ನೂರು ಪಾಯಿಂಟ್ ಓಲಾಡುತ್ತಿತ್ತು. ಹೀಗಿರುವಾಗ ಬೆಲೆ ಅಲ್ಲೆಲ್ಲೋ ತಿರುಗಿದರೆ ಅದು ಐದು–ಎಂಟರ ಭಿನ್ನರಾಶಿಗೆ ತಲೆಬಾಗಿತೋ ಸುವರ್ಣ ಅನುಪಾತಕ್ಕೋ ಎಂದು ಬೇರ್ಪಡಿಸಿ ಹೇಳುವುದು ಯಾರಿಂದ ಸಾಧ್ಯ? ಸೌದೆ ತೂಗುವ ತಕ್ಕಡಿಯಲ್ಲಿ ಚಿನ್ನ ತೂಗಿದ ಹಾಗೆ. ‘ಸುಮಾರು ಅರ್ಧದಿಂದ ಮೂರನೇ ಎರಡು’ ಎಂದರೆ ಯಾರೂ ಕಾಸು ಕೊಡುವುದಿಲ್ಲ, ‘ಶೇ 61.8’ ಎಂದರೆ ವಿಜ್ಞಾನದ ಹಾಗೆ ಕೇಳಿಸುತ್ತದೆ. ದಶಮಾಂಶದ ಆಚೆಗಿನ ಆ ಎಂಟು ಇದೆಯಲ್ಲ, ಅಲ್ಲಿರುವುದು ಅಳತೆಯಲ್ಲ, ಅಲಂಕಾರ.

— ಅಲಂಕಾರ ಅಂದೆಯಲ್ಲ, ಒಳ್ಳೆಯ ಮಾತು. ಅಲಂಕಾರಶಾಸ್ತ್ರದ ಪಕ್ಕದ ಮನೆಯೇ ಛಂದಸ್ಸು. ಈ ಸಂಖ್ಯೆಗಳು ಹುಟ್ಟಿದ್ದೇ ಅಲ್ಲಿ. ಇಟಲಿಯ ಲಿಯೊನಾರ್ಡೊ, ಅಂದರೆ ಫಿಬೊನಾಚಿ, 1202ರಲ್ಲಿ ಮೊಲದ ಲೆಕ್ಕ ಬರೆಯುವ ಮುಂಚೆ ವಿರಹಾಂಕ, ಗೋಪಾಲ, ಹೇಮಚಂದ್ರ ಇದೇ ಸರಣಿಯನ್ನು ಮಾತ್ರಾವೃತ್ತಗಳನ್ನು ಎಣಿಸುವಾಗ ಹೇಳಿದ್ದರು. ಹೇಮಚಂದ್ರ ಗುಜರಾತಿನವನು, ನಮ್ಮ ಶೇರುಪೇಟೆಯ ಮಾತೂ ಅರ್ಧ ಗುಜರಾತಿಯೇ, ಅದು ಬೇರೆ ವಿಷಯ. ಪದ್ಯದಲ್ಲಿ ಇದೆ, ಸೂರ್ಯಕಾಂತಿಯಲ್ಲಿ ಇದೆ, ಅನಾನಸಿನ ಮೈಮೇಲೆ ಇದೆ. ಪ್ರಕೃತಿಯಲ್ಲಿ ಎಲ್ಲೆಲ್ಲೂ ಇರುವುದು ಮನುಷ್ಯರ ಗುಂಪಿನ ಆಸೆ, ಭಯದಲ್ಲಿ ಮಾತ್ರ ಯಾಕಿರಬಾರದು? ಮಾರುಕಟ್ಟೆಯ ಅಲೆ ಎಣಿಸಿದ ಎಲಿಯಟ್ ಹೇಳಿದ್ದೂ ಇದನ್ನೇ ಅಲ್ಲವಾ?

— ಪದ್ಯದಲ್ಲಿ ಯಾಕಿದೆ ಎಂದು ನೋಡಿದರೆ ಮಾರುಕಟ್ಟೆಯಲ್ಲಿ ಯಾಕಿರಬೇಕಾಗಿಲ್ಲ ಎನ್ನುವುದು ತಿಳಿಯುತ್ತದೆ. ಷಟ್ಪದಿಗೆ ಪ್ರಸ್ತಾರ ಹಾಕಿದ ಹೈಸ್ಕೂಲು ಹುಡುಗರಿಗೂ ಇದು ಗೊತ್ತಾಗುವಂಥದ್ದು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಐದು ಮಾತ್ರೆಯ ಗಣ ಎಷ್ಟು ಬಗೆಯಲ್ಲಿ ಬರಬಹುದು? ಕೊನೆಯ ಅಕ್ಷರ ಲಘುವಾದರೆ ಹಿಂದೆ ಉಳಿಯುವುದು ನಾಲ್ಕು ಮಾತ್ರೆ, ಅದನ್ನು ತುಂಬುವುದಕ್ಕೆ ಐದು ದಾರಿ. ಗುರುವಾದರೆ ಉಳಿಯುವುದು ಮೂರು ಮಾತ್ರೆ, ಅದಕ್ಕೆ ಮೂರು ದಾರಿ. ಐದೂ ಮೂರೂ ಎಂಟು. ಕೊನೆಗೆ ಲಘು ಇಲ್ಲವೇ ಗುರು, ಮೂರನೆಯದು ಇಲ್ಲವೇ ಇಲ್ಲ. ಆದ್ದರಿಂದ ಹಿಂದಿನ ಎರಡು ಸಂಖ್ಯೆ ಕೂಡಿ ಮುಂದಿನದು ಹುಟ್ಟಲೇಬೇಕು. ಭಾಮಿನಿಯ ಮೂರು, ನಾಲ್ಕು ಮಾತ್ರೆಯ ಗಣಗಳಿಗೂ ವಾರ್ಧಕದ ಐದು ಮಾತ್ರೆಯ ಗಣಕ್ಕೂ 3, 5, 8 ಎಂದು ರೂಪಗಳು ಸಿಗುವುದು ಪವಾಡವಲ್ಲ, ಅದಕ್ಕೆ ಕಾರಣವಿದೆ. ಸೂರ್ಯಕಾಂತಿಯಲ್ಲೂ ಅಷ್ಟೇ. ನಡುವಿನಿಂದ ಹುಟ್ಟುವ ಒಂದೊಂದು ಹೊಸ ಮೊಗ್ಗೂ ಹಳೆಯವುಗಳಿಂದ ಆದಷ್ಟು ದೂರದ ಸಂದಿ ಹುಡುಕುತ್ತದೆ. ಹಾಗೆ ಹುಡುಕಿದರೆ ಅದು ಸುಮಾರು 137.5 ಡಿಗ್ರಿ ತಿರುಗಿ ಕೂರುತ್ತದೆ, ಸುರುಳಿಗಳು 34, 55 ಎಂದು ಏಳುತ್ತವೆ. 1992ರಲ್ಲಿ ದುವಾಡಿ ಮತ್ತು ಕುಡೆ ಎಂಬ ಇಬ್ಬರು ಫ್ರೆಂಚ್ ವಿಜ್ಞಾನಿಗಳು ಗಿಡವೇ ಇಲ್ಲದೆ, ಒಂದನ್ನೊಂದು ದೂರ ತಳ್ಳುವ ಕಾಂತದ್ರವದ ಹನಿಗಳಿಂದಲೇ ಆ ಸುರುಳಿಗಳನ್ನು ತಟ್ಟೆಯಲ್ಲಿ ಬರಿಸಿ ತೋರಿಸಿದರು. ಎರಡೂ ಕಡೆ ಏನು ಏನನ್ನು ಹುಟ್ಟಿಸುತ್ತದೆ ಎಂದು ಬೆರಳಿಟ್ಟು ತೋರಿಸಬಹುದು. ನಿಫ್ಟಿಯಲ್ಲಿ ಲಘು ಯಾವುದು, ಗುರು ಯಾವುದು? ಜನವರಿಯ ಬೆಲೆಗೆ ಮಾರ್ಚಿನ ಬೆಲೆ ಕೂಡಿಸಿ ಮುಂದಿನ ಫೆಬ್ರವರಿಯ ಬೆಲೆಯನ್ನು ಹುಟ್ಟಿಸುವ ಕೈ ಯಾವುದು?

ಲಿಯೊನಾರ್ಡೊನನ್ನು ಇದಕ್ಕೆ ಎಳೆದು ತರುವುದಂತೂ ಅನ್ಯಾಯ. ‘ಲಿಬೆರ್ ಅಬಾಚಿ’ ವ್ಯಾಪಾರಿಗಳಿಗಾಗಿಯೇ ಬರೆದ ಪುಸ್ತಕ. ಭಾರತೀಯರ ಅಂಕಿಗಳನ್ನು ಹೇಳಿಕೊಟ್ಟು, ಸರಕಿನ ಬೆಲೆ, ನಾಣ್ಯಗಳ ವಿನಿಮಯ, ಪಾಲುದಾರರ ಲಾಭ ಹಂಚಿಕೆ ಎಂದು ಅಧ್ಯಾಯಗಟ್ಟಲೆ ಲೆಕ್ಕ ಮಾಡಿಸುತ್ತಾನೆ. ಅಲ್ಲೆಲ್ಲ ಅವನು ಬಳಸುವುದು ತ್ರೈರಾಶಿ. ಮೊಲದ ಲೆಕ್ಕ ಬರುವುದು ಹನ್ನೆರಡನೇ ಅಧ್ಯಾಯದಲ್ಲಿ, ಹತ್ತಾರು ಒಗಟುಗಳ ನಡುವೆ ಒಂದು ಒಗಟಾಗಿ: ವರ್ಷದ ಕೊನೆಗೆ 377 ಜೋಡಿ, ಮುಗಿಯಿತು. ಬೆಲೆಯ ವಿಚಾರ ಅಷ್ಟು ತಿಳಿದವನಿಗೆ ಬೆಲೆಗೂ ಮೊಲಕ್ಕೂ ಗಂಟು ಹಾಕಬೇಕು ಅನ್ನಿಸಲಿಲ್ಲ. ಗಂಟು ಹಾಕಿದ್ದು ಅಮೆರಿಕದ ಎಲಿಯಟ್. ಅವರೂ ಮೊದಲಿಗೆ ಅಲೆಗಳನ್ನಷ್ಟೇ ಎಣಿಸಿದರು, 1938ರಲ್ಲಿ; ‘ವಿಶ್ವದ ರಹಸ್ಯ’ ಎಂದು ಉಪಶೀರ್ಷಿಕೆ ಹೊತ್ತ ಪುಸ್ತಕದಲ್ಲಿ ಅದಕ್ಕೆ ಫಿಬೊನಾಚಿಯ ಕಿರೀಟ ತೊಡಿಸಿದ್ದು 1946ರಲ್ಲಿ. ಅಲೆ ಮೊದಲು, ಕಾರಣ ಆಮೇಲೆ.

— ಕಾರಣ ನಾನು ಹೇಳುತ್ತೇನೆ ಕೇಳು. ಪ್ರಕೃತಿ, ಪದ್ಯ ಎಲ್ಲ ಬಿಟ್ಟುಬಿಡೋಣ. ಇವತ್ತು ಯಾವ ಬ್ರೋಕರ್ ಆ್ಯಪ್ ತೆರೆದರೂ ಚಾರ್ಟಿನ ಪಕ್ಕದಲ್ಲಿ ಫಿಬೊನಾಚಿ ಟೂಲ್ ಇರುತ್ತದೆ. ಲಕ್ಷಾಂತರ ಜನ ಅದೇ ಶಿಖರ, ಅದೇ ತಳ ಹಿಡಿದು ಅದೇ ಗೆರೆ ಎಳೆಯುತ್ತಾರೆ. 15,470ರಲ್ಲಿ ಮಾರಬೇಕು ಎಂದು ಅಷ್ಟೂ ಜನ ಕಾದಿದ್ದರೆ ಅಲ್ಲಿ ಬೆಲೆ ತಿರುಗದೆ ಇನ್ನೇನು ಮಾಡುತ್ತದೆ? ನಂಬಿಕೆಯೇ ಕಾರಣ. ನಂಬುವವರಿದ್ದರೆ ಸಾಕು, ಗೆರೆ ನಿಜವಾಗುತ್ತದೆ. 39 ಪಾಯಿಂಟ್ ಕೆಳಗೇ ತಿರುಗಿದ್ದು ಯಾಕೆ ಎಂದರೆ, ಜಾಣರು ಗೆರೆಗಿಂತ ಸ್ವಲ್ಪ ಮುಂಚೆಯೇ ಮಾರಿಬಿಟ್ಟರು.

— ನಿಮ್ಮ ಕಡೆಯ ವಾದಗಳಲ್ಲಿ ಇದೇ ಗಟ್ಟಿಯಾದದ್ದು, ಇದನ್ನು ಹಗುರವಾಗಿ ಕಾಣುವುದಿಲ್ಲ. ಜನ ಆರ್ಡರ್ ಇಟ್ಟ ಕಡೆ ಬೆಲೆ ತಡವರಿಸುತ್ತದೆ ಎನ್ನುವುದಕ್ಕೆ ಸಾಕ್ಷಿಯೂ ಇದೆ. ಕರೋಲ್ ಓಸ್ಲರ್ ಎಂಬ ಅರ್ಥಶಾಸ್ತ್ರಜ್ಞೆ ನ್ಯೂಯಾರ್ಕ್ ಫೆಡರಲ್ ರಿಸರ್ವ್ ಬ್ಯಾಂಕಿನಲ್ಲಿದ್ದಾಗ, ಕರೆನ್ಸಿ ವ್ಯವಹಾರದ ಸಂಸ್ಥೆಗಳು ಗ್ರಾಹಕರಿಗೆ ಕಳಿಸುತ್ತಿದ್ದ ಸಪೋರ್ಟ್, ರೆಸಿಸ್ಟೆನ್ಸ್ ಮಟ್ಟಗಳನ್ನು ಪರೀಕ್ಷಿಸಿದರು. ಸುಮ್ಮನೆ ಆರಿಸಿದ ಮಟ್ಟಗಳಿಗಿಂತ ಅವುಗಳಲ್ಲಿ ಬೆಲೆಯ ಓಟ ಹೆಚ್ಚು ಸಲ ನಿಂತಿತ್ತು. ಇದು 2000ದ ಅಧ್ಯಯನ. 2003ರಲ್ಲಿ ಅವರೇ ಸ್ಟಾಪ್‌ಲಾಸ್ ಮತ್ತು ಲಾಭದ ಆರ್ಡರ್‌ಗಳು ಎಲ್ಲೆಲ್ಲಿ ಗುಂಪುಗೂಡುತ್ತವೆ ಎಂದು ಎಣಿಸಿದರು. ಸಿಕ್ಕಿದ್ದು ಏನು? 00, 50ರಲ್ಲಿ ಮುಗಿಯುವ ದುಂಡು ಸಂಖ್ಯೆಗಳು. ಆರ್ಡರ್ ಹಾಕುವಾಗ ನಮ್ಮ ಬೆರಳು ಸೊನ್ನೆಯ ಕಡೆಗೇ ಹೋಗುತ್ತದೆ. ಸೆನ್ಸೆಕ್ಸ್ 50,000ದ ದಿನ ಆದದ್ದಕ್ಕೆ ಇಷ್ಟು ವಿವರಣೆ ಸಾಕು. ದುಂಡು ಸಂಖ್ಯೆಗೆ ಒಂದು ಅನುಕೂಲ ಇದೆ: ಅದು ಎಲ್ಲರಿಗೂ ಒಂದೇ. ನೀವು ಯಾವ ತುದಿ ಹಿಡಿದರೂ 15,000 ಅಂದರೆ 15,000ವೇ. ಫಿಬೊನಾಚಿ ಗೆರೆ ಹಾಗಲ್ಲ. ದಿನದೊಳಗಿನ ತುದಿ ಹಿಡಿದವರಿಗೆ 15,470, ಕ್ಲೋಸಿಂಗ್ ಹಿಡಿದವರಿಗೆ 15,299. ಮೂರು ಬಿಂದುವಿನ ಟೂಲ್ ಬಳಸಿ ಮಾರ್ಚ್ ತಳ, ಆಗಸ್ಟ್ ಶಿಖರ, ಸೆಪ್ಟೆಂಬರ್ ತಳ ಹಿಡಿದವರಿಗೆ 13,437, 15,073, 17,720. ಚಾರ್ಟನ್ನು ಲಾಗ್ ಅಳತೆಗೆ ಹಾಕಿ ಅದೇ ಮೊದಲಿನ ಎರಡು ತುದಿ ಹಿಡಿದವರಿಗೆ 16,970. ಇದೊಂದನ್ನು ಸ್ವಲ್ಪ ನಿಂತು ನೋಡಿ. ಸಾವಿರ ರೂಪಾಯಿಗೆ ನೂರು ಸೇರುವುದೂ ಹತ್ತು ಸಾವಿರಕ್ಕೆ ನೂರು ಸೇರುವುದೂ ಹೂಡಿಕೆದಾರನಿಗೆ ಒಂದೇ ಅಲ್ಲ, ಶೇಕಡಾವಾರು ಲೆಕ್ಕವೇ ಅವನ ಲೆಕ್ಕ; ಹಾಗಾಗಿ ವಾದಕ್ಕೆ ಕೂತರೆ ಲಾಗ್ ಅಳತೆಯೇ ಹೆಚ್ಚು ನ್ಯಾಯದ್ದು. ಆ 16,970ರ ಗೆರೆಯನ್ನು ನಿಫ್ಟಿ 2021ರ ಆಗಸ್ಟ್ ಕೊನೆಯಲ್ಲಿ ಹೊಸ್ತಿಲು ದಾಟಿದಷ್ಟು ಸಲೀಸಾಗಿ ದಾಟಿ ಅಕ್ಟೋಬರ್‌ನಲ್ಲಿ 18,604ಕ್ಕೆ ಹೋಯಿತು. ಇಷ್ಟು ಗುರಿಗಳಿಗೆ ಹಂಚಿಹೋದ ನಂಬಿಕೆ ಒಂದೇ ಗೋಡೆಯಾಗಿ ಏಳುವುದು ಹೇಗೆ?

‘ಜಾಣರು ಮುಂಚೆಯೇ ಮಾರಿದರು’ ಎಂದಿರಲ್ಲ, ಅದನ್ನೂ ಗಮನಿಸಿ. ಗೆರೆಗಿಂತ 39 ಕೆಳಗೆ ತಿರುಗಿದರೆ ಜಾಣರು ಮಾರಿದರು. ಡಿಸೆಂಬರ್‌ನಲ್ಲಿ ಗೆರೆಗಿಂತ 9 ಮೇಲೆ ಹೋಗಿ ತಿರುಗಿತು, ಅದಕ್ಕೆ ‘ದಡ್ಡರನ್ನು ಸಿಕ್ಕಿಸಲು ಸುಳ್ಳು ದಾಟು’ ಎಂಬ ಹೆಸರು ಆಗಲೇ ಸಿದ್ಧವಿದೆ. ತಿರುಗದೆ ನುಗ್ಗಿದರೆ ‘ಮುಂದಿನ ಗೆರೆ ಗುರಿ’. ಏನಾದರೂ ಗೆರೆಗೆ ಸೋಲಿಲ್ಲ. ಡಿಸೆಂಬರ್ 21ರಂದು ಬ್ರಿಟನ್ನಿನಲ್ಲಿ ವೈರಸ್ಸಿನ ಹೊಸ ತಳಿ ಹರಡಿದ ಸುದ್ದಿಗೆ ಲೋಕದ ಮಾರುಕಟ್ಟೆಗಳೆಲ್ಲ ಬೆಚ್ಚಿದ್ದವು. ಫೆಬ್ರವರಿ ಕೊನೆಯಲ್ಲಿ ಅಮೆರಿಕದ ಬಾಂಡ್ ಬಡ್ಡಿ ಏರಿತು, ಹಿಂದೆಯೇ ಇಲ್ಲಿ ಎರಡನೇ ಅಲೆ ಬಂತು. ಇವುಗಳನ್ನೆಲ್ಲ ಗೆರೆಯೇ ಕರೆಸಿಕೊಂಡಿತೇ?

— ಸುದ್ದಿ ನೆಪ ಕಣಮ್ಮ, ಚಾರ್ಟ್ ಮೊದಲೇ ಹೇಳಿರುತ್ತದೆ ಅನ್ನುತ್ತಾರೆ. ಸರಿ, ಅದನ್ನು ನಾನೂ ಗಟ್ಟಿಯಾಗಿ ಹೇಳಲಾರೆ. ಆದರೆ ಒಂದು ನಿಫ್ಟಿ, ಒಂದು ವರ್ಷ ಇಟ್ಟುಕೊಂಡು ನೀನೂ ತೀರ್ಪು ಕೊಡುತ್ತಿದ್ದೀಯಲ್ಲ?

— ತೀರ್ಪು ಕೊಡುವಷ್ಟು ದೊಡ್ಡ ಲೆಕ್ಕವನ್ನು ಬೇರೆಯವರು ಮಾಡಿದ್ದಾರೆ. ಲಂಡನ್ನಿನ ಆಗಿನ ಕ್ಯಾಸ್ ಬಿಸಿನೆಸ್ ಸ್ಕೂಲಿನ ರಾಯ್ ಬ್ಯಾಚಲರ್ ಮತ್ತು ರಿಚರ್ಡ್ ರಾಮ್ಯಾರ್ ಎಂಬುವರು ಅಮೆರಿಕದ ಡೌ ಸೂಚ್ಯಂಕದ 1914ರಿಂದ 2002ರವರೆಗಿನ ಏರಿಳಿತಗಳನ್ನು ತೆಗೆದುಕೊಂಡು, ಒಂದು ಅಲೆಗೂ ಅದರ ಹಿಂದಿನ ಅಲೆಗೂ ಇರುವ ಅನುಪಾತ ಈ ‘ಮಾಂತ್ರಿಕ ಸಂಖ್ಯೆ’ಗಳ ಹತ್ತಿರ ಹೆಚ್ಚಾಗಿ ಬಂದು ಬೀಳುತ್ತದೆಯೇ ಎಂದು ನೋಡಿದರು. ಹೋಲಿಕೆಗೆ ಅದೇ ಸೂಚ್ಯಂಕದ ಚಲನೆಗಳನ್ನು ತುಂಡು ಮಾಡಿ ಕಲಸಿ ಜೋಡಿಸಿದ ನಕಲಿ ಚಾರ್ಟುಗಳನ್ನು ಇಟ್ಟುಕೊಂಡರು. 2006ರಲ್ಲಿ ಅವರು ಬರೆದದ್ದು ಇಷ್ಟು: ಆಕಸ್ಮಿಕವಾಗಿ ಬರುವುದಕ್ಕಿಂತ ಹೆಚ್ಚಾಗಿ ಈ ಅನುಪಾತಗಳು ಬರುವುದಿಲ್ಲ. ನನ್ನ ಮೂರನೇ ಎರಡೂ ಬರುವುದಿಲ್ಲ, ನನ್ನ ಕೋರ್ಸೂ ಅಲ್ಲಿಗೆ ಬಂದ್. ಗುರುಗಳನ್ನೇ ತೆಗೆದುಕೊಂಡರೂ ಅಷ್ಟೇ. ರಾಬರ್ಟ್ ಪ್ರೆಕ್ಟರ್, ಫ್ರಾಸ್ಟ್ ಜೊತೆ ಸೇರಿ 1978ರಲ್ಲಿ ಎಲಿಯಟ್ ಅಲೆಗಳ ಬಗ್ಗೆ ಪುಸ್ತಕ ಬರೆದು ದೊಡ್ಡ ಏರಿಕೆ ಬರುತ್ತದೆ ಎಂದರು. ಎಂಬತ್ತರ ದಶಕದಲ್ಲಿ ಬಂತು, ಹೆಸರೂ ಬಂತು. ಅದೇ ಪ್ರೆಕ್ಟರ್ 2010ರಲ್ಲಿ ಡೌ ಐದಾರು ವರ್ಷದಲ್ಲಿ 1,000ಕ್ಕಿಂತ ಕೆಳಗೆ ಹೋಗಬಹುದು ಎಂದರು. ಆಗ ಅದು 10,000ದ ಆಸುಪಾಸಿನಲ್ಲಿತ್ತು. 2017ರ ಜನವರಿಯಲ್ಲಿ 20,000 ದಾಟಿತು. ಟೂಲ್ ಎರಡೂ ಸಲ ಒಂದೇ.

— ಅವರು ಅತಿ ಮಾಡಿದರು, ಬಿಡು. ನಾನು ಅಷ್ಟು ದೂರದ ಭವಿಷ್ಯ ಕೇಳುವವನಲ್ಲ. ನನಗೆ ಬೇಕಾದದ್ದು ಶಿಸ್ತು. ಗೆರೆ ಇಲ್ಲದಿದ್ದರೆ ಎಲ್ಲಿ ಲಾಭ ತೆಗೆಯಬೇಕು, ಎಲ್ಲಿ ಸೋಲು ಒಪ್ಪಬೇಕು ಗೊತ್ತಾಗುವುದಿಲ್ಲ. ಆಸೆಯಲ್ಲಿ ಹಿಡಿದುಕೊಂಡೇ ಕೂರುತ್ತೇವೆ. ಗೆರೆ ಇದ್ದರೆ 12,430 ದಾಟಿದಾಗ ಕೊಂಡು, 11,500ಕ್ಕೆ ಸ್ಟಾಪ್‌ಲಾಸ್ ಇಟ್ಟು, 15,470 ಟಾರ್ಗೆಟ್ ಇಡುತ್ತೇನೆ. ಹೋದರೆ 930, ಬಂದರೆ 3,040. ಒಂದಕ್ಕೆ ಮೂರು. ಇದರಲ್ಲಿ ಮೂಢನಂಬಿಕೆ ಎಲ್ಲಿದೆ?

— ಮುಂಚೆಯೇ ನಿರ್ಧರಿಸಿ ಅದಕ್ಕೆ ಕಟ್ಟುಬೀಳುವುದು ಒಳ್ಳೆಯದೇ, ಅದರ ಬಗ್ಗೆ ಜಗಳವಿಲ್ಲ. ಆದರೆ ಆ ಒಳ್ಳೆಯತನ ಮುಂಚೆ ನಿರ್ಧರಿಸಿದ್ದರದ್ದು, 1.618ರದ್ದಲ್ಲ. 15,500 ಎಂದು ಬರೆದಿಟ್ಟಿದ್ದರೂ ಅದೇ ಶಿಸ್ತು ಸಿಗುತ್ತಿತ್ತು. ಇನ್ನು ‘ಒಂದಕ್ಕೆ ಮೂರು’ ಎಂಬ ಲೆಕ್ಕದಲ್ಲಿ ಮುಖ್ಯವಾದದ್ದೇ ಬಿಟ್ಟುಹೋಗಿದೆ: ಗುರಿ ಮುಟ್ಟುವುದು ಎಷ್ಟು ಸಲ? ಗೆರೆ ನಿಮಗೆ ದೂರ ಹೇಳುತ್ತದೆ, ಸಾಧ್ಯತೆ ಹೇಳುವುದಿಲ್ಲ. ಬೆಲೆ ಮೇಲೆ ಹೋಗುವುದೂ ಕೆಳಗೆ ಹೋಗುವುದೂ ಸಮಸಮ ಎಂದಿಟ್ಟುಕೊಂಡರೆ, 930 ಕೆಳಗೆ ಬೀಳುವ ಮುಂಚೆ 3,040 ಮೇಲೇರುವ ಸಾಧ್ಯತೆ 930ನ್ನು 3,970ರಿಂದ ಭಾಗಿಸಿದಷ್ಟು, ಅಂದರೆ ಶೇ 23.4. ನಾಲ್ಕು ಸಲಕ್ಕೆ ಒಂದಕ್ಕಿಂತ ಕಡಿಮೆ. ಹಾಗೆ ನೂರು ಸಲ ಆಡಿದರೆ ಲಾಭ ನಷ್ಟ ಎರಡೂ ಹೊಂದಿಕೊಂಡು ಸೊನ್ನೆ, ಅದರ ಮೇಲೆ ಬ್ರೋಕರೇಜು, ತೆರಿಗೆ. ಗುರಿಯನ್ನು ದೂರ ತಳ್ಳಿದಷ್ಟೂ ಅದನ್ನು ಮುಟ್ಟುವ ಸಾಧ್ಯತೆ ತಕ್ಕ ಹಾಗೆ ಕುಗ್ಗುತ್ತದೆ, 127.2 ಇಡಿ, 261.8 ಇಡಿ, ತಕ್ಕಡಿ ಸಮವೇ. ನೀವು ಗೆಲ್ಲಬೇಕಾದರೆ ಆ ಗೆರೆಯ ಕಾರಣದಿಂದ ಸಾಧ್ಯತೆ ಶೇ 23.4ಕ್ಕಿಂತ ಹೆಚ್ಚಾಗುತ್ತದೆ ಎಂದು ತೋರಿಸಬೇಕು. ಅಷ್ಟನ್ನು ಯಾರೂ ತೋರಿಸಿಲ್ಲ, ಟೂಲ್ ಅಂತೂ ಅದನ್ನು ಹೇಳುವುದಕ್ಕೆ ಬಾಯೇ ಬಿಡುವುದಿಲ್ಲ. ಫ್ಯೂಚರ್ಸ್, ಆಪ್ಷನ್ಸ್ ಆಡುವ ಬಿಡಿ ವ್ಯಾಪಾರಿಗಳಲ್ಲಿ ನೂರಕ್ಕೆ 93 ಜನ ಮೂರು ವರ್ಷದಲ್ಲಿ ನಷ್ಟ ಮಾಡಿಕೊಂಡರು ಎಂದು ಸೆಬಿ 2024ರಲ್ಲಿ ಹೇಳಿತು. ಅದು ಫಿಬೊನಾಚಿಯ ತಪ್ಪು ಎನ್ನುವುದು ಅನ್ಯಾಯ. ಆದರೆ ಅಷ್ಟೂ ಜನರ ಆ್ಯಪಿನಲ್ಲಿ ಈ ಗೆರೆ ಎಳೆಯುವ ಟೂಲ್ ಪುಕ್ಕಟೆ ಇತ್ತು.

— ಪುಕ್ಕಟೆ ಇದ್ದದ್ದಕ್ಕೆ ಬೆಲೆ ಇಲ್ಲ ಅನ್ನುತ್ತೀಯಾ? ಎಳೆಯುವ ಕೈ ಪಳಗಿರಬೇಕು. ಯಾವ ಶಿಖರ, ಯಾವ ತಳ ಎಂದು ಆರಿಸುವುದರಲ್ಲೇ ಅನುಭವ ಇರುವುದು. ಅದು ಬಂದವನಿಗೆ ಗೆರೆ ಸುಳ್ಳಾಡುವುದಿಲ್ಲ.

— ಅಲ್ಲಿಗೆ ಬಂದಿರಿ! ಹಾಗಾದರೆ ಕೆಲಸ ಮಾಡುವುದು ಕೈಯೇ ಹೊರತು ಅನುಪಾತವಲ್ಲ. ಅನುಭವಸ್ಥ ಒಬ್ಬ ‘ಇಲ್ಲಿಗೆ ಸಾಕು ಅನ್ನಿಸುತ್ತದೆ’ ಎಂದು ಹೇಳಿದರೆ ಅದು ಅವನ ಅಭಿಪ್ರಾಯ, ತಪ್ಪಾದರೆ ಅವನೇ ಜವಾಬ್ದಾರ. ಅದನ್ನೇ ಶೇ 161.8 ಎಂದರೆ ಅಭಿಪ್ರಾಯ ಗಣಿತದ ಅಂಗಿ ತೊಟ್ಟುಕೊಳ್ಳುತ್ತದೆ, ತಪ್ಪಾದರೆ ‘ತುದಿ ಬೇರೆ ಹಿಡಿಯಬೇಕಿತ್ತು’ ಎಂದು ಜಾರಿಕೊಳ್ಳಬಹುದು. ನನಗೆ ಗೆರೆಯ ಮೇಲೆ ಸಿಟ್ಟಿಲ್ಲ, ಚಿಕ್ಕಪ್ಪ, ಆ ಜಾರಿಕೆಯ ಮೇಲೆ. ಒಂದು ಕಾಗದ ತೆಗೆದುಕೊಳ್ಳಿ. 2024ರ ಸೆಪ್ಟೆಂಬರ್ ಶಿಖರ, ಅದರ ನಂತರದ 2025ರ ತಳ. ಇವೆರಡರಿಂದ ನಿಮ್ಮ ಶೇ 161.8ರ ಗುರಿ ಬರೆಯಿರಿ. ಎಷ್ಟು ಪಾಯಿಂಟ್ ಆಚೀಚೆ ಆದರೆ ಮುಟ್ಟಿದ ಹಾಗೆ, ಎಷ್ಟು ಇಳಿದರೆ ತಿರುಗಿದ ಹಾಗೆ, ಅದನ್ನೂ ಬರೆಯಿರಿ. ಪಕ್ಕದಲ್ಲಿ ನಾನು ಒಂದು ದುಂಡು ಸಂಖ್ಯೆ ಬರೆಯುತ್ತೇನೆ. ಇಬ್ಬರೂ ಸಹಿ ಹಾಕೋಣ.

— ಬರಿ. ಶಿಖರ ಸೆಪ್ಟೆಂಬರ್ 27, 26,277. ಅದರಲ್ಲಿ ಅನುಮಾನವಿಲ್ಲ. ತಳ... ಏಪ್ರಿಲ್ 7ರಂದು 21,743ಕ್ಕೆ ಬಂದಿತ್ತು, ಅದನ್ನೇ ಹಾಕು. ಗುರಿ 29,079 ಆಗುತ್ತದೆ. ಇರು, ಇರು. ಕ್ಲೋಸಿಂಗ್ ನೋಡಿದರೆ ಏಪ್ರಿಲ್ 7ರದು 22,161, ಮಾರ್ಚ್ 4ರದು 22,082. ಕ್ಲೋಸಿಂಗ್ ಪ್ರಕಾರ ತಳ ಮಾರ್ಚಿನದೇ ಆಯಿತು. ಪೆನ್ನು ಸ್ವಲ್ಪ ಕೆಳಗಿಡು, ಯಾವುದು ಹಿಡಿಯಬೇಕು ಅಂತ ಯೋಚನೆ ಮಾಡುತ್ತೇನೆ.